ಮೊಬೈಲಿನಲ್ಲಿ ಕನ್ನಡದ ಕಾಗುಣಿತ

ಕಳೆದ ವರ್ಷ ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ನ್ಯೂಟನ್ನನ ಎರಡನೆಯ ನಿಯಮವನ್ನು ಮೊಬೈಲಿನಲ್ಲಿ ಬರೆದು ನನಗೆ ಕಳುಹಿಸಿದನು. ಭಾಷೆ ಕನ್ನಡ, ಲಿಪಿ ಮಾತ್ರ ಇಂಗ್ಲಿಷಿನದು. ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದರೆ ‘ಬಲ’ ದೊರೆಯುತ್ತದೆಂಬುದು ಅವನ ಅಭಿಪ್ರಾಯ. ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದ ಗೆಳೆಯನು ‘ಬಾಲ’ ದೊರೆಯುತ್ತದೆಂದು ಓದಿದನು. ಎಲ್ಲರೂ ನಕ್ಕರು. ಆದರೆ ಓದಿದವನದು ತಪ್ಪೆನ್ನುವಂತಿರಲಿಲ್ಲ; ಆ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬಲ, ಬಾಲ, ಬಳ ಎಂದು ಹೇಗೆ ಬೇಕಾದರೂ ಓದಬಹುದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿಯ ಅನೇಕ ವಿದ್ಯಾರ್ಥಿಗಳು ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿಯೇ ಕಲಿತವರು. ಅವರೇ ಮೊಬೈಲನ್ನು ಕೈಗೆತ್ತಿಕೊಂಡೊಡನೆ ಕನ್ನಡ ಲಿಪಿಯನ್ನು ಬಿಟ್ಟುಬಿಡುವುದೇಕೆ?

ಈ ರೂಢಿಗೆ ಹಿಂದೆ ಒಂದು ನ್ಯಾಯವಾದ ಕಾರಣವಿದ್ದಿತು. ಹಳೆಯ ಮೊಬೈಲುಗಳಲ್ಲಿ ಕನ್ನಡದ ಅಕ್ಷರರೂಪಗಳೇ ಇರಲಿಲ್ಲ. ಇದ್ದರೂ, ಒಂದು ಎಸ್ಸೆಮ್ಮೆಸ್ಸಿನ ಗಾತ್ರ 140 ಬೈಟ್, ಎಂದರೆ 1120 ಬಿಟ್. ಇಂಗ್ಲಿಷ್ ಅಕ್ಷರವೊಂದಕ್ಕೆ ಅಲ್ಲಿ 7 ಬಿಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ 16 ಬಿಟ್ ಬೇಕು. ಭಾಗಿಸಿ ನೋಡಿರಿ: ಇಂಗ್ಲಿಷಿನಲ್ಲಿ 160, ಕನ್ನಡದಲ್ಲಿ 70. ಹಣ ಕೊಡುವವನು ಅಗ್ಗದ್ದನ್ನು ಆರಿಸಿಕೊಂಡನು. ಆದರೆ 2012ರಲ್ಲಿ ಹೊರಬಂದ ಆಂಡ್ರಾಯ್ಡ್ 4.1ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಈಗಿನ ಮೊಬೈಲಿನ ಸೆಟ್ಟಿಂಗ್ಸ್ ಭಾಗದಲ್ಲಿ ಕೀಲಿಮಣೆಯ ಪುಟವನ್ನು ತೆರೆದು ಕನ್ನಡವನ್ನು ಸೇರಿಸಿಕೊಂಡರಾಯಿತು. ಕಾರಣ ಹೋಯಿತು, ರೂಢಿ ಉಳಿಯಿತು.

‘ಒತ್ತಕ್ಷರ ಬರುವುದಿಲ್ಲ ಸಾರ್’ ಎಂಬುದು ವಿದ್ಯಾರ್ಥಿಗಳ ಸಾಮಾನ್ಯ ದೂರು. ಇದಕ್ಕೆ ಉತ್ತರ ಹೇಳಬೇಕಾದರೆ ಮೊಬೈಲು ಅಕ್ಷರವನ್ನು ಹೇಗೆ ನೆನಪಿಟ್ಟುಕೊಳ್ಳುತ್ತದೆಂಬುದನ್ನು ತಿಳಿಯಬೇಕು. ಅದು ನೆನಪಿಡುವುದು ಆಕಾರಗಳನ್ನಲ್ಲ, ಸಂಖ್ಯೆಗಳನ್ನು. ಯುನಿಕೋಡ್ ಎಂಬ ಜಾಗತಿಕ ಪಟ್ಟಿಯ ಮೊದಲನೆಯ ಆವೃತ್ತಿ 1991ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಮನೆಗಳು ಮೀಸಲಾಗಿದ್ದುವು. ಕಕಾರಕ್ಕೆ 3221, ಮಕಾರಕ್ಕೆ 3246. ಗುಡಿಸು, ಕೊಂಬು, ಏತ್ವ, ಓತ್ವಗಳಿಗೂ ಬೇರೆ ಬೇರೆ ಸಂಖ್ಯೆಗಳುಂಟು. ‘ಮಧುಗಿರಿ’ ನಮ್ಮ ಕಣ್ಣಿಗೆ ನಾಲ್ಕಕ್ಷರ. ಮೊಬೈಲಿಗೆ ಅದು ಮ, ಧ, ಕೊಂಬು, ಗ, ಗುಡಿಸು, ರ, ಗುಡಿಸು ಎಂಬ ಏಳು ಸಂಖ್ಯೆಗಳ ಸಾಲು. ಇದು ಒಂದನೆಯ ತರಗತಿಯ ಕಾಗುಣಿತವಲ್ಲದೆ ಮತ್ತೇನು?

ಒತ್ತಕ್ಷರಗಳಿಗಂತೂ ಸಂಖ್ಯೆಯೇ ಇಲ್ಲ. ‘ಕ್’ ಎಂಬಲ್ಲಿ ಕಕಾರದ ಅಕಾರವನ್ನು ಕಳೆಯುವ ಹಲಂತ ಚಿಹ್ನೆಗೆ 3277 ಎಂಬ ಸಂಖ್ಯೆ ಇದೆ. ಅದೇ ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿ. ‘ಶಕ್ತಿ’ ಎಂಬ ಪದವನ್ನು ತೆಗೆದುಕೊಳ್ಳೋಣ. ಸ್ಲೇಟಿನ ಮೇಲೆ ನಾವು ಮೊದಲು ‘ಕಿ’ ಬರೆದು ಅದರ ಕೆಳಗೆ ತಕಾರದ ಒತ್ತನ್ನು ಕೊಡುತ್ತೇವೆ. ಇದೇ ಕ್ರಮದಲ್ಲಿ ಮೊಬೈಲಿನ ಕೀಲಿಗಳನ್ನು ಒತ್ತಿದರೆ ಅಕ್ಷರ ಒಡೆದುಹೋಗುತ್ತದೆ. ಕಿವಿಗೆ ಕೇಳುವ ಕ್ರಮವನ್ನು ಹಿಡಿಯಿರಿ: ಶ, ಕ, ಹಲಂತ, ತ, ಕೊನೆಯಲ್ಲಿ ಗುಡಿಸು. ಗುಡಿಸನ್ನು ಕಕಾರದ ಮೇಲೆ ಕೂರಿಸುವುದು, ತಕಾರವನ್ನು ಕೆಳಗಿಳಿಸುವುದು ಇವೆಲ್ಲ ಲಿಪಿಯನ್ನು ಚಿತ್ರಿಸುವ ತಂತ್ರಾಂಶದ ಕೆಲಸ. ಕಂಪ್ಯೂಟರಿಗಾಗಿ ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯಲ್ಲಿಯೂ ಇದೇ ತತ್ತ್ವ. ಅಲ್ಲಿ ಹಲಂತಕ್ಕೆ ‘ಎಫ್’ ಕೀಲಿ.

‘ಸೂರ್ಯ’ ಎಂಬಲ್ಲಿಯೂ ಹೀಗೆಯೇ. ಅರ್ಕಾವತ್ತು ಕಾಣುವುದು ಕೊನೆಯಲ್ಲಿ, ಕೇಳುವುದು ಮೊದಲು. ಆದುದರಿಂದ ರ, ಹಲಂತ, ಯ. ಆದರೆ ‘ರ‍್ಯಾಂಕ್’ ಎಂಬಲ್ಲಿ ನಮಗೆ ಅರ್ಕಾವತ್ತು ಬೇಡ. ಅದಕ್ಕಾಗಿ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಗುರುತನ್ನು ಸೇರಿಸಬೇಕು. ಅದರ ಸಂಖ್ಯೆ 8205. ಅನೇಕ ಪ್ರಕಟಣೆಗಳಲ್ಲಿ ‘ರ್ಯಾಂಕ್’ ಎಂದು ಕಾಣಿಸುವುದು ಈ ಗುರುತು ಬಿಟ್ಟುಹೋದುದರಿಂದಲೇ.

ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಪಾವಗಡದಲ್ಲಿ ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು ಎಂಬ ವಿದ್ಯಾರ್ಥಿಗಳು ಬಹಳ ಮಂದಿ. ಅವರಿಗೊಂದು ಸಂತೋಷದ ಸಂಗತಿ. ತೆಲುಗಿನ ಮನೆಗಳು ಕನ್ನಡದ ಹಿಂದೆಯೇ, 3072ರಿಂದ ಆರಂಭವಾಗುತ್ತವೆ. ವರ್ಣಗಳ ಕ್ರಮವೂ ಒಂದೇ. ಕನ್ನಡದ ಪಕಾರ 3242. ಅದರಿಂದ 128ನ್ನು ಕಳೆದರೆ 3114, ಅದು ತೆಲುಗಿನ ಪಕಾರ. ‘ಪಾವಗಡ’ ಎಂಬುದರ ಐದು ಸಂಖ್ಯೆಗಳಿಂದಲೂ 128ನ್ನು ಕಳೆದರೆ ಊರಿನ ಹೆಸರು ತೆಲುಗು ಲಿಪಿಯಲ್ಲಿ ಸಿದ್ಧ.

ಕೊನೆಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಒಮ್ಮೆ ನನ್ನ ಪಾಠದ ಟಿಪ್ಪಣಿಯಲ್ಲಿ ‘ಅಂತರ’ ಎಂಬ ಪದವನ್ನು ಹುಡುಕಿದೆನು. ಪದವು ಕಣ್ಣೆದುರಿಗೇ ಇದ್ದಿತು, ಮೊಬೈಲು ಇಲ್ಲವೆಂದಿತು. ಅರ್ಧ ಗಂಟೆ ತಡಕಾಡಿದ ಮೇಲೆ ತಿಳಿಯಿತು, ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿದ್ದೆನೆಂದು. ಎರಡೂ ದುಂಡಗೆ ಒಂದೇ ಬಗೆಯಾಗಿ ಕಾಣುತ್ತವೆ. ಆದರೆ ಅನುಸ್ವಾರ 3202, ಸೊನ್ನೆ 3302. ಹುಡುಕುವ ಯಂತ್ರಕ್ಕೆ ಕಣ್ಣಿಲ್ಲ.

ಅಭ್ಯಾಸ: ‘ಸ್ವಾತಂತ್ರ್ಯ’ ಎಂಬ ಮೂರಕ್ಷರದ ಪದವನ್ನು ಮೊಬೈಲಿನಲ್ಲಿ ಬರೆಯಿರಿ. ಅದರಲ್ಲಿ ಎಷ್ಟು ಸಂಖ್ಯೆಗಳಿವೆ? (ಉತ್ತರ: 11)