ಎಣ್ಣೆಯ ಆಮ್ಲಗಳನ್ನು ಎಸ್ಟರುಗಳನ್ನಾಗಿ ಮಾಡಿ ಪರೀಕ್ಷಿಸುವ ಕ್ರಮ

ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರಾಂತದ ಹೊಲದ ಬದುಗಳಲ್ಲಿ ಹೊಂಗೆಯ ಮರವನ್ನು ಕಾಣದವರಿಲ್ಲ. ಅದರ ಸೊಪ್ಪು ಗೊಬ್ಬರಕ್ಕೂ ಬೀಜದ ಎಣ್ಣೆಯು ದೀಪಕ್ಕೂ ಹಿಂದಿನಿಂದ ಒದಗಿದುವು. ಈಗ ಅದೇ ಎಣ್ಣೆಯಿಂದ ಡೀಸೆಲ್ ಯಂತ್ರಗಳಿಗೆ ಇಂಧನವನ್ನೂ ಮಾಡುವರು. ಆದಕಾರಣ ಕೊಳ್ಳುವವರು ಎಣ್ಣೆಯ ಪರೀಕ್ಷೆಯ ವರದಿಯನ್ನು ಕೇಳುವುದುಂಟು. ಅದನ್ನು ಓದಿ ತಿಳಿಯಬಲ್ಲ ಜಮೀನುದಾರರು ಬೆಲೆಯ ಮಾತಿನಲ್ಲಿ ಸುಲಭವಾಗಿ ಸೋಲುವುದಿಲ್ಲ.

ಎಣ್ಣೆಯೆಂಬುದು ಒಂದೇ ವಸ್ತುವಲ್ಲ. ಗ್ಲಿಸರಿನ್ನಿನೊಡನೆ ಕೂಡಿರುವ ಹಲವು ಕೊಬ್ಬಿನ ಆಮ್ಲಗಳ ಸಮೂಹ. ಹೊಂಗೆಯೆಣ್ಣೆಯಲ್ಲಿ ಸುಮಾರು ಅರ್ಧ ಭಾಗದಷ್ಟು ಓಲಿಯಿಕ್ ಆಮ್ಲವು. ಉಳಿದುದರಲ್ಲಿ ಲಿನೋಲಿಯಿಕ್, ಪಾಮಿಟಿಕ್, ಸ್ಟಿಯರಿಕ್ ಮೊದಲಾದುವು. ಇವುಗಳ ಪ್ರಮಾಣವನ್ನು ತಿಳಿಯಲು, ಆವಿ ಮಾಡಿ ಅನಿಲದೊಡನೆ ನೀಳವಾದ ನಳಿಗೆಯಲ್ಲಿ ಹಾಯಿಸಿ ಬೇರ್ಪಡಿಸುವರು. ಈ ಬಗೆಯ ಕ್ರಮವನ್ನು 1952ರಲ್ಲಿ ಇಂಗ್ಲೆಂಡಿನ ಜೇಮ್ಸ್, ಮಾರ್ಟಿನ್ ಎಂಬ ಪಂಡಿತರು ಪ್ರಕಟಿಸಿದರು. ಆದರೆ ಆಮ್ಲದ ಅಣುಗಳು ಒಂದನ್ನೊಂದು ಜೋಡಿಯಾಗಿ ಹಿಡಿದುಕೊಂಡಿರುವುದರಿಂದ ಸುಲಭವಾಗಿ ಆವಿಯಾಗವು; ನಳಿಗೆಗೂ ಅಂಟುವುವು. ಮೀಥೈಲ್ ಮದ್ಯಸಾರದೊಡನೆ ಸೇರಿಸಿ ಎಸ್ಟರು ಮಾಡಿದರೆ ಈ ಹಿಡಿತವು ತಪ್ಪುವುದು. ವಿನಿಗರಿನ ಹುಳಿಯಾದ ಅಸಿಟಿಕ್ ಆಮ್ಲವು ಸೆಂಟಿಗ್ರೇಡಿನ 118 ಡಿಗ್ರಿಯಲ್ಲಿ ಕುದಿದರೆ, ಅದರ ಮೀಥೈಲ್ ಎಸ್ಟರು 57 ಡಿಗ್ರಿಯಲ್ಲಿಯೇ ಕುದಿಯುವುದು. 2001ರಲ್ಲಿ ಮುಚ್ಚಿದ ಚಿನ್ನದ ಗಣಿಗಳ ನೆರೆಯವರಿಗೆ ಇದು ಅರಿಯದ ಮಾತಲ್ಲ: ಅದಿರನ್ನು ಪರೀಕ್ಷಿಸುವವರು ಚಿನ್ನವನ್ನು ಮೊದಲು ಸೀಸದಲ್ಲಿ ಸೇರಿಸಿಕೊಂಡು, ಬಳಿಕ ಸೀಸವನ್ನು ಕಳೆದು ತೂಗುವರಷ್ಟೆ.

ಎಸ್ಟರು ಮಾಡುವುದಕ್ಕೆ ಎರಡು ದಾರಿಗಳುಂಟು. ಕ್ಷಾರವನ್ನು ಕರಗಿಸಿದ ಮದ್ಯಸಾರವು ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುವುದು; ಆದರೆ ಎಣ್ಣೆಯಲ್ಲಿ ಬಿಡಿಯಾಗಿರುವ ಆಮ್ಲವು ಸಾಬೂನಾಗಿ ಲೆಕ್ಕಕ್ಕೆ ಸಿಕ್ಕದೆ ಹೋಗುವುದು. ಸ್ವಲ್ಪ ಗಂಧಕಾಮ್ಲ ಬೆರೆತ ಮದ್ಯಸಾರದಲ್ಲಿ ಕಾಯಿಸಿದರೆ, ನಿಧಾನವಾದರೂ, ಬಿಡಿಯಾದುದೂ ಕೂಡಿದುದೂ ಎಸ್ಟರಾಗುವುವು. ನೀರಿನ ಪಸೆಯಿದ್ದರೆ ಮಾತ್ರ ಕ್ರಿಯೆಯು ನಡುವೆಯೇ ನಿಲ್ಲುವುದು. ಮೀಥೈಲ್ ಮದ್ಯಸಾರವು ಕಣ್ಣನ್ನೂ ಪ್ರಾಣವನ್ನೂ ಕಳೆಯುವ ವಿಷ. ಇದು ಪ್ರಯೋಗಶಾಲೆಯ ಕೆಲಸವೇ ಹೊರತು ಮನೆಯಲ್ಲಿ ಮಾಡತಕ್ಕುದಲ್ಲ.

ಇಲ್ಲಿ ಗಮನಿಸಬೇಕಾದುದೊಂದುಂಟು. ಎರಡನೆಯ ದಾರಿಯ ವರದಿಯಲ್ಲಿ ಬಿಡಿ ಆಮ್ಲವೂ ಕೂಡಿದ ಆಮ್ಲವೂ ಒಂದಾಗಿ ಕಾಣುವುವು. ಮುಗ್ಗಿದ ಬೀಜದ ಎಣ್ಣೆಯೂ ಒಳ್ಳೆಯ ಬೀಜದ ಎಣ್ಣೆಯೂ ಅದರಲ್ಲಿ ಹೆಚ್ಚುಕಡಮೆ ಒಂದೇ ಬಗೆಯಾಗಿ ತೋರಬಹುದು. ಆದುದರಿಂದ ಆಮ್ಲಸಂಖ್ಯೆಯನ್ನು, ಅಂದರೆ 1 ಗ್ರಾಂ ಎಣ್ಣೆಯ ಹುಳಿಯನ್ನು ತೀರಿಸಲು ಬೇಕಾಗುವ ಕಾಸ್ಟಿಕ್ ಪೊಟ್ಯಾಷಿನ ಮಿಲಿಗ್ರಾಂ ಲೆಕ್ಕವನ್ನು, ಬೇರೆಯಾಗಿ ಕೇಳತಕ್ಕದ್ದು. ಆ ಸಂಖ್ಯೆಯು 2 ಆದರೆ ಬಿಡಿ ಆಮ್ಲವು ಸುಮಾರು ನೂರಕ್ಕೆ 1. ಅದಕ್ಕಿಂತ ಬಹಳ ಮೀರಿದರೆ ಇಂಧನ ಮಾಡುವವನ ಕಡಾಯಿಯಲ್ಲಿ ಸಾಬೂನು ಕಟ್ಟುವುದು. ಅವನು ಆ ನಷ್ಟವನ್ನು ಬೀಜದ ಬೆಲೆಯಲ್ಲಿಯೇ ಮುರಿದುಕೊಳ್ಳುವನು.

ಈ ಬಿಡಿ ಆಮ್ಲವು ಬಹುಪಾಲು ನಮ್ಮ ಉಗ್ರಾಣದ ತೇವದಲ್ಲಿಯೇ ಹುಟ್ಟುವುದು. ಕಾಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಬೀಜವನ್ನು ಗಾಳಿಯಾಡುವ ಒಣ ಜಾಗದಲ್ಲಿಟ್ಟು, ತಡಮಾಡದೆ ಗಾಣಕ್ಕೆ ಕೊಡಬೇಕು. ಪರೀಕ್ಷೆಗೆ ಕಳುಹಿಸುವ ಎಣ್ಣೆಯನ್ನು ಒಂದೇ ಡಬ್ಬದ ಮೇಲ್ಭಾಗದಿಂದ ತೆಗೆಯದೆ, ಹಲವು ಡಬ್ಬಗಳನ್ನು ಕಲಕಿ ತೆಗೆದು ಬೆರೆಸಿ, ಒಣಗಿದ ಗಾಜಿನ ಸೀಸೆಯಲ್ಲಿ ತುಂಬಿ ಬಿಗಿಯಾಗಿ ಮುಚ್ಚಿ, ಬೀಜ ಕೂಡಿಸಿದ ತಿಂಗಳನ್ನೂ ಎಣ್ಣೆ ತೆಗೆದ ದಿನವನ್ನೂ ಚೀಟಿಯಲ್ಲಿ ಬರೆದು ಅಂಟಿಸತಕ್ಕದ್ದು.