ಒಂದು ಸುತ್ತು ಕತ್ತರಿಸಿದರೆ ಗಾಡಿ ಎಷ್ಟು ತಗ್ಗುತ್ತದೆ? – ಸ್ಪ್ರಿಂಗ್ ಸ್ಥಿರಾಂಕದ ಒಂದು ಅಭ್ಯಾಸ ಪಾಠ

ಪ್ರಥಮ ಪಿಯುಸಿ ಭೌತವಿಜ್ಞಾನದಲ್ಲಿ ಸ್ಪ್ರಿಂಗ್ ಸ್ಥಿರಾಂಕ ಕಲಿಸುವುದು ಸುಲಭ ಎಂದು ನಾನೂ ಭಾವಿಸಿದ್ದೆ. ಸ್ಟ್ಯಾಂಡಿಗೆ ಸ್ಪ್ರಿಂಗ್ ತೂಗುಹಾಕಿ, ತೂಕದ ಬಿಲ್ಲೆಗಳನ್ನು ಒಂದೊಂದಾಗಿ ಸೇರಿಸಿ, ನಕ್ಷೆ ಎಳೆದರೆ ಸರಳರೇಖೆ ಬರುತ್ತದೆ. ಎಲ್ಲರಿಗೂ ಸಮಾಧಾನ. ಆದರೆ ಆ ರೇಖೆಯಿಂದ ವಿದ್ಯಾರ್ಥಿ ಏನನ್ನೂ ತೀರ್ಮಾನಿಸಬೇಕಾಗಿಲ್ಲ. ಸ್ಪ್ರಿಂಗನ್ನು ಆಯ್ದುಕೊಳ್ಳಲೇಬೇಕಾದ ಒಂದು ಸಂದರ್ಭ ನನಗೆ ಬೇಕಿತ್ತು.

ಹಾಗೆ ಆರಿಸಿದ್ದು ಅಮೆರಿಕದ ಷೆವ್ರೊಲೆ ಸಿ10 ಪಿಕಪ್, 1967ರಿಂದ 1972ರವರೆಗಿನ ಮಾದರಿ. ಅಲ್ಲಿ ಈ ಹಳೆಯ ಗಾಡಿಗಳನ್ನು ಕೊಂಡು, ದುರಸ್ತಿ ಮಾಡಿ, ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸುವುದು ಒಂದು ದೊಡ್ಡ ಹವ್ಯಾಸ. ನಮ್ಮ ರಸ್ತೆಯ ಪಿಕಪ್‌ಗಳಲ್ಲಿ ಹಿಂದುಗಡೆ ಸಾಮಾನ್ಯವಾಗಿ ಕಮಾನು ಪ್ಲೇಟುಗಳಿರುತ್ತವೆ. ಸಿ10ರಲ್ಲಿ ಮುಂದೆ ಮಾತ್ರವಲ್ಲ, ಹೆಚ್ಚಿನ ಗಾಡಿಗಳಲ್ಲಿ ಹಿಂದೆಯೂ ಸುರುಳಿ ಸ್ಪ್ರಿಂಗೇ. 1973ರ ಮಾದರಿಯಿಂದ ಹಿಂದಕ್ಕೆ ಕಮಾನು ಬಂತು. ಪಠ್ಯಪುಸ್ತಕದ ಚಿತ್ರದಲ್ಲಿರುವ ಸ್ಪ್ರಿಂಗ್ ಗಾಡಿಯ ನಾಲ್ಕೂ ಚಕ್ರಗಳ ಬಳಿ ಸಿಗುತ್ತದೆ ಎಂಬುದೇ ನನ್ನ ಆಯ್ಕೆಗೆ ಕಾರಣ. (ನಮ್ಮ ದೇಶದಲ್ಲಿ ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಬರುತ್ತದೆ. ಇದನ್ನು ಪಾಠದ ಮೊದಲಿಗೇ ಹೇಳಿದೆ. ತರಗತಿಯಲ್ಲಿ ಬೈಕಿನ ಹುಚ್ಚಿನವರು ಇದ್ದೇ ಇರುತ್ತಾರೆ.)

ಪ್ರಶ್ನೆ ಇಷ್ಟು: ಮಾಲೀಕನಿಗೆ ಗಾಡಿಯ ಹಿಂಭಾಗ 50 ಮಿ.ಮೀ. ತಗ್ಗಬೇಕು. ಲೆಕ್ಕಕ್ಕೆ ನಾನೇ ಸುಲಭ ಸಂಖ್ಯೆಗಳನ್ನು ಹಿಡಿದೆ. ಹಿಂದಿನ ಒಂದೊಂದು ಸ್ಪ್ರಿಂಗಿನ ಮೇಲೆ 4000 ನ್ಯೂಟನ್ ಭಾರ, ಸ್ಥಿರಾಂಕ ಮಿಲಿಮೀಟರಿಗೆ 40 ನ್ಯೂಟನ್. ಭಾರವಿಲ್ಲದಾಗ ಉದ್ದ 350 ಮಿ.ಮೀ., ಕೆಲಸ ಮಾಡುವ ಸುತ್ತುಗಳು 7. ಗಾಡಿ ಮೇಲೆ ಕೂತಾಗ ಸ್ಪ್ರಿಂಗ್ 100 ಮಿ.ಮೀ. ಕುಗ್ಗಿ 250ಕ್ಕೆ ನಿಲ್ಲುತ್ತದೆ. ಇಲ್ಲಿಯವರೆಗೆ ತರಗತಿ ಸಲೀಸಾಗಿ ಬಂತು.

“ಒಂದು ಸುತ್ತು ಕತ್ತರಿಸಿದರೆ?” ಎಂದು ಕೇಳಿದೆ. 350ನ್ನು 7ರಿಂದ ಭಾಗಿಸಿ, ಸುತ್ತಿಗೆ 50 ಎಂದು ಹೇಳಿ, ಗಾಡಿ 50 ಮಿ.ಮೀ. ತಗ್ಗುತ್ತದೆ ಎಂದು ಮುಂದಿನ ಬೆಂಚಿನಿಂದ ಉತ್ತರ ಬಂತು. ನಾನು ‘ಸರಿ’ ಎಂದು ಹಲಗೆಯ ಮೇಲೆ ಬರೆದುಬಿಟ್ಟೆ. ಅಣ್ಣನ ಗ್ಯಾರೇಜಿನಲ್ಲಿ ರಜೆಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಎದ್ದು, “ಮಿಸ್, ಕತ್ತರಿಸಿದ ಮೇಲೂ ಸ್ಪ್ರಿಂಗು ಅಷ್ಟೇ ಮೆತ್ತಗಿರುತ್ತಾ?” ಎಂದ. “ಅದೇ ಉಕ್ಕು, ಅದೇ ತಂತಿ ಅಲ್ಲವೇನಪ್ಪ, ಸ್ಥಿರಾಂಕವೂ ಅದೇ” ಎಂದೆ. ಅವನು ಕೂತ. ಅವನ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರು ನನ್ನ ಪುಸ್ತಕದಲ್ಲಿ ಒಂದೇ ವಾಕ್ಯ ಬರೆದರು: ‘ಹುಡುಗನ ಪ್ರಶ್ನೆಗೆ ಉತ್ತರ ಬಾಕಿ ಇದೆ.’

ಆ ರಾತ್ರಿ ಕೂತು ನೋಡಿದೆ. ತಪ್ಪು ಚಿಕ್ಕದಾಗಿರಲಿಲ್ಲ. ಸ್ಥಿರಾಂಕ ಉಕ್ಕಿನ ಗುಣವಲ್ಲ, ಆ ನಿರ್ದಿಷ್ಟ ಸ್ಪ್ರಿಂಗಿನ ಗುಣ. ಅದು ತಂತಿಯ ವ್ಯಾಸದ ನಾಲ್ಕನೇ ಘಾತಕ್ಕೆ ನೇರ ಅನುಪಾತದಲ್ಲಿಯೂ, ಸುರುಳಿಯ ವ್ಯಾಸದ ಘನಕ್ಕೆ ಮತ್ತು ಸುತ್ತುಗಳ ಸಂಖ್ಯೆಗೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ತಂತಿ ಶೇ. 10ರಷ್ಟು ದಪ್ಪವಾದರೆ ಸ್ಪ್ರಿಂಗ್ ಶೇ. 46ರಷ್ಟು ಬಿಗಿ. ಸುತ್ತು 7ರಿಂದ 6ಕ್ಕೆ ಇಳಿದರೆ 40 ಇದ್ದದ್ದು ಸುಮಾರು 46.7 ಆಗುತ್ತದೆ. 4000 ನ್ಯೂಟನ್ ಭಾರಕ್ಕೆ 300 ಮಿ.ಮೀ. ಸ್ಪ್ರಿಂಗ್ ಈಗ 85.7 ಮಾತ್ರ ಕುಗ್ಗಿ 214.3ಕ್ಕೆ ನಿಲ್ಲುತ್ತದೆ. ತಗ್ಗಿದ್ದು 50 ಅಲ್ಲ, 35.7.

ಮರುದಿನ ಮೊದಲು ‘ನಿನ್ನೆ ನಾನು ಹೇಳಿದ್ದು ತಪ್ಪು’ ಎಂದು ಹೇಳಿಯೇ ಆರಂಭಿಸಿದೆ. ಆದರೆ ಸೂತ್ರ ಬರೆದರೆ ಅದನ್ನೂ ನಂಬುತ್ತಾರೆ, ನಿನ್ನೆಯದನ್ನು ನಂಬಿದ ಹಾಗೆಯೇ. ಪ್ರಯೋಗಾಲಯದ ಸ್ಪ್ರಿಂಗ್ ಕತ್ತರಿಸಲು ಅಟೆಂಡರ್ ಅಣ್ಣ ಒಪ್ಪಲಿಲ್ಲ. ಕತ್ತರಿಸುವ ಅಗತ್ಯವೂ ಇಲ್ಲವೆಂದು ಆಮೇಲೆ ಹೊಳೆಯಿತು. ಉದ್ದನೆಯ ಸ್ಪ್ರಿಂಗಿನ ನಟ್ಟನಡುವೆ ಕೆಂಪು ದಾರ ಕಟ್ಟಿ ತೂಗುಹಾಕಿದೆವು. ತೂಕ ಇಟ್ಟಾಗ ಕೆಳತುದಿ 8 ಸೆಂ.ಮೀ. ಇಳಿಯಿತು, ದಾರ 4 ಸೆಂ.ಮೀ. ಇಳಿಯಿತು. “ಮೇಲಿನ ಅರ್ಧದ ಮೇಲೆ ಎಷ್ಟು ಭಾರ ಇದೆ?” ಎಂದು ಕೇಳಿದೆ. ಅರ್ಧ ಎಂದವರೇ ಹೆಚ್ಚು. ದಾರದ ಜಾಗದಲ್ಲಿ ಸ್ಪ್ರಿಂಗ್ ತುಂಡಾಗಿದ್ದರೆ ಅದೇ ತೂಕವನ್ನು ಎಲ್ಲಿ ತೂಗುಹಾಕುತ್ತಿದ್ದೆವು ಎಂದು ಕೇಳಿದ ಮೇಲೆ ತರಗತಿ ನಿಶ್ಶಬ್ದವಾಯಿತು. ಪ್ರತಿ ಸುತ್ತೂ ಪೂರ್ತಿ ಭಾರವನ್ನೇ ಹೊರುತ್ತದೆ. ಹಿಗ್ಗುವುದನ್ನು ಮಾತ್ರ ಹಂಚಿಕೊಳ್ಳುತ್ತದೆ.

ಇದು ತಿಳಿದ ಮೇಲೆ ಗ್ಯಾರೇಜಿನ ಹುಡುಗ ಸೂತ್ರವಿಲ್ಲದೆಯೇ ಲೆಕ್ಕ ಮಾಡಿದ. ಗಾಡಿ ಕೂತಾಗ 7 ಸುತ್ತು ಸೇರಿ 250 ಮಿ.ಮೀ., ಅಂದರೆ ಸುತ್ತಿಗೆ 35.7. ಒಂದು ತೆಗೆದರೆ ಅಷ್ಟೇ ಹೋಗುತ್ತದೆ. ನನಗಿಂತ ಚೆನ್ನಾದ ದಾರಿ. ಮುಂದಿನ ವರ್ಷ ಈ ಪಾಠ ಮಾಡುವವರು ಸೂತ್ರಕ್ಕೆ ಮೊದಲು ಇದನ್ನೇ ಮಾಡಿಸಲಿ.

ಇನ್ನು ಆಯ್ಕೆ. 50 ಮಿ.ಮೀ. ತಗ್ಗಲು ಎರಡು ಹೊಸ ಸ್ಪ್ರಿಂಗ್‌ಗಳನ್ನು ಹಲಗೆಯ ಮೇಲೆ ಇಟ್ಟೆ. ಒಂದು, ಅದೇ 40ರ ಸ್ಥಿರಾಂಕ, ಉದ್ದ 300. ಇನ್ನೊಂದು, ಸ್ಥಿರಾಂಕ 50, ಉದ್ದ 280. ಎರಡೂ ಖಾಲಿ ಗಾಡಿಯ ಅಡಿಯಲ್ಲಿ 200ಕ್ಕೇ ನಿಲ್ಲುತ್ತವೆ. ಬಿಗಿಯಾದದ್ದು ಇನ್ನೂ ಗಿಡ್ಡ ಯಾಕೆ ಎಂಬುದೇ ಒಂದು ಒಳ್ಳೆಯ ಪ್ರಶ್ನೆಯಾಯಿತು. ಹೊರಗಿನಿಂದ ನೋಡಿದರೆ ಎರಡು ಗಾಡಿಗೂ ವ್ಯತ್ಯಾಸವಿಲ್ಲ. ಆದರೆ ಆಕ್ಸಲ್ ಮೇಲೇರಿ ಬಡಿಯದಂತೆ ಚಾಸಿಸ್‌ನಲ್ಲಿರುವ ರಬ್ಬರ್ ತಡೆಗೆ ಮೊದಲು 100 ಮಿ.ಮೀ. ಅಂತರವಿತ್ತು ಎಂದುಕೊಳ್ಳಿ, ಈಗ ಉಳಿದಿರುವುದು 50. ಪಿಕಪ್ ಇರುವುದೇ ಸರಕಿಗೆ. ಒಂದೊಂದು ಸ್ಪ್ರಿಂಗಿನ ಮೇಲೆ ಇನ್ನೂ 2000 ನ್ಯೂಟನ್ ಹೇರಿದರೆ ಮೊದಲನೆಯದು 50 ಕುಗ್ಗಿ ರಬ್ಬರಿಗೆ ತಾಗಿಯೇ ನಿಲ್ಲುತ್ತದೆ. ಆಮೇಲೆ ಪ್ರತಿ ಗುಂಡಿಯ ಪೆಟ್ಟೂ ನೇರ ಚಾಸಿಸ್‌ಗೆ. ಎರಡನೆಯದು 40 ಕುಗ್ಗಿ 10 ಮಿ.ಮೀ. ಉಳಿಸುತ್ತದೆ. ಅದಕ್ಕೂ ಬೆಲೆಯಿದೆ. ಖಾಲಿ ಗಾಡಿಯ ಕುಲುಕಾಟ ಸೆಕೆಂಡಿಗೆ ಸುಮಾರು 1.6ರಿಂದ 1.8 ಸಲಕ್ಕೆ ಏರುತ್ತದೆ, ಸವಾರಿ ಒರಟಾಗುತ್ತದೆ. (ಈ ಲೆಕ್ಕ ಆಂದೋಲನಗಳ ಅಧ್ಯಾಯಕ್ಕೆ ನೇರ ಒಯ್ಯುತ್ತದೆ.) ಸರಕು ಹೊರದ ಗಾಡಿಗೆ ಮೊದಲನೆಯದು, ಹೊರುವ ಗಾಡಿಗೆ ಎರಡನೆಯದು ಎಂದು ತರಗತಿ ತೀರ್ಮಾನಿಸಿತು. 10 ಮಿ.ಮೀ. ಕೂಡ ಸಾಲದು ಎಂದವರೂ ಇದ್ದರು. ನಾನೂ ಅವರ ಪಕ್ಷ.

ಮುಂದಿನ ಚಕ್ರಗಳ ಕಥೆ ಬೇರೆ. ಅಲ್ಲಿ ಸ್ಪ್ರಿಂಗ್ ಕೂರುವುದು ಕೆಳತೋಳಿನ ಮೇಲೆ, ಕೀಲಿಗೂ ಚಕ್ರಕ್ಕೂ ನಡುವೆ. ಸರಿಯಾಗಿ ಅರ್ಧದಲ್ಲಿದ್ದರೆ ಸ್ಪ್ರಿಂಗಿನ 35.7 ಮಿ.ಮೀ. ಗಾಡಿಯಲ್ಲಿ ಸುಮಾರು 71 ಆಗುತ್ತದೆ. ಸನ್ನೆಕೋಲು ನೆನಪಿಸಿದರೆ ಸಾಕು. ಸ್ಪ್ರಿಂಗನ್ನು ಮುಟ್ಟದೆಯೇ, ಚಕ್ರದ ಅಚ್ಚನ್ನು ಮೇಲಕ್ಕೆ ಸರಿಸಿದ ಬೇರೆ ಸ್ಪಿಂಡಲ್ ಹಾಕಿ ತಗ್ಗಿಸುವುದೂ ಉಂಟು. ಗ್ಯಾಸ್ ಕಟರ್‌ನಲ್ಲಿ ಸ್ಪ್ರಿಂಗ್ ಕಾಯಿಸಿ ಕೂರಿಸುವ ಅಗ್ಗದ ದಾರಿಯನ್ನು ಮಾತ್ರ ಗಟ್ಟಿಯಾಗಿ ಬೇಡವೆಂದೆ. ಹದ ಹೋದ ಉಕ್ಕು ಒಂದೊಂದು ಕಡೆ ಒಂದೊಂದು ರೀತಿ ಕುಸಿಯುತ್ತದೆ. ಅದಕ್ಕೆ ಯಾವ ಸ್ಥಿರಾಂಕವೂ ಇಲ್ಲ.

ಗಂಟೆ ಹೊಡೆಯುವ ಹೊತ್ತಿಗೆ ಅದೇ ಹುಡುಗ ಮತ್ತೆ ಎದ್ದ. “ಮಿಸ್, ಅಣ್ಣನ ಹತ್ರ ಪಿಕಪ್ ತರೋರು ಜಾಸ್ತಿ ಲೋಡಿಗೆ ಅಂತ ಕಮಾನಿಗೆ ಇನ್ನೊಂದು ಪ್ಲೇಟು ಹಾಕಿಸ್ತಾರೆ. ಅದು ಸುತ್ತು ಕತ್ತರಿಸಿದ ಹಾಗೇನಾ, ಬೇರೇನಾ?” ಈ ಸಲ ಅವಸರಪಡಲಿಲ್ಲ. ಖಾಲಿ ಇದ್ದಾಗ ಆ ಗಾಡಿ ಎಷ್ಟು ಎತ್ತರ ನಿಲ್ಲುತ್ತದೆ, ಪ್ಲೇಟು ಹಾಕುವ ಮೊದಲು ಎಷ್ಟಿತ್ತು, ಎರಡನ್ನೂ ಟೇಪಿನಲ್ಲಿ ಅಳೆದು ಸೋಮವಾರ ತರಲು ಹೇಳಿದೆ.