ಹೊರಗಿನಿಂದ ದುಡಿಯಲು ಬಂದ ಅಕ್ಕತಂಗಿಯರು: ಅವರ ಹಕ್ಕು, ನಮ್ಮ ಹೊಣೆ



ಸಂಘದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಬಡ್ಡಿ ಎಲ್ಲವನ್ನೂ ಪೈಸೆ ಪೈಸೆ ಲೆಕ್ಕ ಹಾಕುತ್ತೇವೆ. ಆದರೆ ಆ ಉಳಿತಾಯದ ಹಣ ಎಲ್ಲಿಂದ ಬರುತ್ತದೋ ಆ ಕೂಲಿಯ ಲೆಕ್ಕವನ್ನು ಎಷ್ಟು ಜನ ಕೇಳುತ್ತೇವೆ? "ಕಂಟ್ರಾಕ್ಟರ್ ಕೊಟ್ಟಷ್ಟು ತಗೊಂಡು ಬಂದ್ವಿ" ಅನ್ನುವವರೇ ಹೆಚ್ಚು. ಈ ಪಾಠದಲ್ಲಿ ಆ ಲೆಕ್ಕವನ್ನು ಕಲಿಯೋಣ.

ಯಾರಿಗಾಗಿ ಈ ಪಾಠ?

ಪೀಣ್ಯದ ಗಾರ್ಮೆಂಟ್ಸ್, ಬೊಮ್ಮಸಂದ್ರದ ಕಾರ್ಖಾನೆ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ನ ಕಂಪನಿಗಳು, ಎಲ್ಲಿ ನೋಡಿದರೂ ಗುತ್ತಿಗೆಯ ಮೇಲೆ ದುಡಿಯುವವರು ಇದ್ದಾರೆ. ಹೊಲಿಗೆ, ಪ್ಯಾಕಿಂಗ್, ಹೌಸ್‌ಕೀಪಿಂಗ್, ಕ್ಯಾಂಟೀನ್, ಸೆಕ್ಯುರಿಟಿ ಕೆಲಸ ಅವರದು. ಕೆಲವರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ನಮ್ಮವರೇ. ಇನ್ನು ಕೆಲವರು ಒಡಿಶಾ, ಜಾರ್ಖಂಡ್, ಅಸ್ಸಾಂ, ಬಿಹಾರದಿಂದ ಬಂದ ಹುಡುಗಿಯರು. ನಮ್ಮ ಪಕ್ಕದ ವಠಾರದಲ್ಲೇ ಬಾಡಿಗೆಗೆ ಇರುತ್ತಾರೆ. ಭಾಷೆ ಬಾರದು, ಊರು ಗೊತ್ತಿಲ್ಲ, ಕೇಳುವವರು ಯಾರೂ ಇಲ್ಲ.

ಗಲ್ಫ್ ದೇಶಕ್ಕೆ ಮನೆಗೆಲಸಕ್ಕೆ ಹೋದವರ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ ಕಥೆ ಕೇಳಿ ನಾವು ಮರುಗುತ್ತೇವೆ. ಇಲ್ಲೇ ಒಬ್ಬ ಏಜೆಂಟ್ ಹುಡುಗಿಯ ಆಧಾರ್ ಕಾರ್ಡ್, ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು, "ಆರು ತಿಂಗಳು ಆಗೋವರೆಗೂ ಕೊಡಲ್ಲ" ಅಂದರೆ ಅದೂ ಅದೇ ಅನ್ಯಾಯ. ಅಲ್ಲಿ ದೇಶ ಬೇರೆ, ಇಲ್ಲಿ ರಾಜ್ಯ ಬೇರೆ, ಅಷ್ಟೇ ವ್ಯತ್ಯಾಸ.

"ನಮ್ಮೋರಲ್ಲ, ನಮಗ್ಯಾಕೆ?"

ಹೀಗೆ ಅನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಸ್ವಲ್ಪ ಯೋಚಿಸಿ. ಹೊರಗಿನ ಹುಡುಗಿ ಕಡಿಮೆ ಕೂಲಿಗೆ ಸುಮ್ಮನೆ ದುಡಿದರೆ, ನಾಳೆ ಅದೇ ಕೂಲಿಯನ್ನು ತೋರಿಸಿ "ಬೇಕಾದ್ರೆ ಮಾಡಿ, ಇಲ್ಲಾಂದ್ರೆ ಬಿಡಿ" ಎಂದು ನಮಗೂ ಹೇಳುತ್ತಾರೆ. ಅವಳ ಕೂಲಿ ಇಳಿದರೆ ನಮ್ಮ ಕೂಲಿಯೂ ಇಳಿಯುತ್ತದೆ. ಆದ್ದರಿಂದ ಅವಳ ಹಕ್ಕನ್ನು ಕಾಯುವುದು ದಯೆಯ ಕೆಲಸ ಮಾತ್ರವಲ್ಲ, ನಮ್ಮ ಹಿತವೂ ಅದರಲ್ಲಿದೆ.

ಹಿಂದೆ ನಡೆದ ಮೂರು ಸಂಗತಿಗಳು

1982: ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಕ್ಕೆ ಬೇರೆ ರಾಜ್ಯಗಳಿಂದ ಕೂಲಿಗಳನ್ನು ಕರೆತಂದಿದ್ದರು. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಮಧ್ಯವರ್ತಿ ತನ್ನ ಕಮಿಷನ್ ಎಂದು 1 ರೂಪಾಯಿ ಹಿಡಿಯುತ್ತಿದ್ದ. ಸುಪ್ರೀಂ ಕೋರ್ಟ್ ಏನು ಹೇಳಿತು ಗೊತ್ತೇ? ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆ, ಸಂವಿಧಾನದ 23ನೇ ವಿಧಿ ಅದನ್ನು ನಿಷೇಧಿಸುತ್ತದೆ ಎಂದಿತು. ಒಂದೇ ಒಂದು ರೂಪಾಯಿ ಆದರೂ ಅದು ಕಾರ್ಮಿಕರ ಹಕ್ಕಿನ ಹಣ.

2016: ಪಿ.ಎಫ್. ಹಣದಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಬಂದರು. ಹೆಚ್ಚಿನವರು ಹೆಂಗಸರು. ಮಗಳ ಮದುವೆ, ಮಗನ ಫೀಸು, ಕಾಯಿಲೆ ಕಸಾಲೆ ಎಲ್ಲಕ್ಕೂ ಅವರು ನಂಬಿದ್ದು ಅದೇ ಹಣವನ್ನು. 19ರಂದೇ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

2020: ಲಾಕ್‌ಡೌನ್ ಸಮಯದಲ್ಲಿ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ವಿಶೇಷ ರೈಲುಗಳನ್ನು ಮೇ ಮೊದಲ ವಾರ ನಮ್ಮ ರಾಜ್ಯ ಸರ್ಕಾರ ರದ್ದುಪಡಿಸಿತು. ಅದು ಬಿಲ್ಡರ್‌ಗಳ ಜೊತೆ ಸಭೆ ನಡೆದ ಬೆನ್ನಲ್ಲೇ ಆದದ್ದು. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ರೈಲು ಮತ್ತೆ ಶುರುವಾಯಿತು. ದುಡಿಯಲು ಬಂದವರಿಗೆ ತಿರುಗಿ ಊರಿಗೆ ಹೋಗುವ ಸ್ವಾತಂತ್ರ್ಯವೂ ಇದೆ ಎಂಬುದನ್ನು ಅಂದು ಎಲ್ಲರೂ ನೆನಪಿಸಿಕೊಳ್ಳಬೇಕಾಯಿತು.

ಕಾನೂನು ಈಗ ಏನು ಹೇಳುತ್ತದೆ?

ಹಳೆಯ 29 ಕಾರ್ಮಿಕ ಕಾನೂನುಗಳನ್ನು ಸೇರಿಸಿ ಮಾಡಿದ 4 ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಗುತ್ತಿಗೆ ಕಾರ್ಮಿಕರ 1970ರ ಕಾಯ್ದೆ, ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆ ಎರಡೂ ಇದರಲ್ಲಿ ಸೇರಿಹೋಗಿವೆ. ನಾವು ನೆನಪಿಡಬೇಕಾದದ್ದು ಇಷ್ಟು:

1. ನೇಮಕಾತಿ ಪತ್ರ. ಕೆಲಸಕ್ಕೆ ತೆಗೆದುಕೊಂಡವರಿಗೆ ಬರಹದಲ್ಲಿ ನೇಮಕಾತಿ ಪತ್ರ ಕೊಡಬೇಕು. ಬಾಯಿಮಾತು ಸಾಲದು.

2. ಸಂಬಳದ ದಿನ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಕೆಲಸ ಬಿಟ್ಟರೆ ಅಥವಾ ತೆಗೆದುಹಾಕಿದರೆ 2 ಕೆಲಸದ ದಿನಗಳ ಒಳಗೆ ಬಾಕಿ ಚುಕ್ತಾ ಆಗಬೇಕು. "ಮುಂದಿನ ಬಟವಾಡೆಗೆ ಬಾ" ಅನ್ನುವ ಹಾಗಿಲ್ಲ.

3. ಕಂಟ್ರಾಕ್ಟರ್ ಕೈ ಎತ್ತಿದರೆ? ಆಗ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೂಲಿ ಕೊಡಬೇಕು. ಆಮೇಲೆ ಅದು ಕಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಲಿ. ಈ ಒಂದು ಮಾತು ಗೊತ್ತಿದ್ದರೆ ಎಷ್ಟೋ ಜನರ ದುಡ್ಡು ಮುಳುಗುವುದು ತಪ್ಪುತ್ತದೆ.

4. ಓ.ಟಿ. ನಿಗದಿಯ ಸಮಯ ಮೀರಿ ದುಡಿದರೆ ಎರಡರಷ್ಟು ಕೂಲಿ.

5. ರಾತ್ರಿ ಪಾಳಿ. ಸಂಜೆ 7ರ ನಂತರ, ಬೆಳಿಗ್ಗೆ 6ಕ್ಕೆ ಮುಂಚೆ ಹೆಂಗಸರನ್ನು ದುಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ವ್ಯವಸ್ಥೆಯೂ ಇರಬೇಕು.

6. ಬಾಣಂತನ. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. 50 ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರ ಇರಬೇಕು.

7. ಬೇರೆ ರಾಜ್ಯದವರಿಗೆ. 10 ಅಥವಾ ಹೆಚ್ಚು ಹೊರರಾಜ್ಯದ ಕಾರ್ಮಿಕರು ಇರುವ ಕಡೆ, ನಿಯಮದಂತೆ ಊರಿಗೆ ಹೋಗಿಬರುವ ಪ್ರಯಾಣದ ಹಣ ಸಿಗಬೇಕು. ಏಜೆಂಟ್ ಕರೆತಂದವರಷ್ಟೇ ಅಲ್ಲ, ತಾವಾಗಿಯೇ ಬಂದು ಕೆಲಸ ಹಿಡಿದವರೂ ಈಗ ಇದರಲ್ಲಿ ಸೇರುತ್ತಾರೆ. ಅವರ ಊರಿನ ರೇಷನ್ ಕಾರ್ಡ್‌ನಲ್ಲೇ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು. ರಾಯಚೂರಿನಿಂದ ಬಂದವರು ನಮ್ಮದೇ ರಾಜ್ಯದವರಾದ್ದರಿಂದ ಪ್ರಯಾಣದ ಹಣದ ಈ ನಿಯಮ ಅವರಿಗೆ ಅನ್ವಯಿಸದು. ಮೇಲಿನ ಉಳಿದ ಹಕ್ಕುಗಳೆಲ್ಲ ಅವರಿಗೂ ಇವೆ.

8. ಲೈಂಗಿಕ ಕಿರುಕುಳ. 2013ರ ಕಾಯ್ದೆ ಗುತ್ತಿಗೆಯವರಿಗೂ, ಮನೆಗೆಲಸದವರಿಗೂ ಅನ್ವಯಿಸುತ್ತದೆ. 10 ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಿಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. 3 ತಿಂಗಳೊಳಗೆ ದೂರು ಕೊಡಬೇಕು.

ಬನ್ನಿ, ಲೆಕ್ಕ ಹಾಕೋಣ

ಸುಲಭವಾಗಲೆಂದು ಸಂಬಳ 14,000 ರೂಪಾಯಿ ಎಂದು ಇಟ್ಟುಕೊಳ್ಳೋಣ.

ನಮ್ಮ ಪಾಲಿನ ಪಿ.ಎಫ್. ನೂರಕ್ಕೆ 12: 1,680 ರೂಪಾಯಿ
ನಮ್ಮ ಪಾಲಿನ ಇ.ಎಸ್.ಐ. ನೂರಕ್ಕೆ 75 ಪೈಸೆ: 105 ರೂಪಾಯಿ
ಒಟ್ಟು ಕಡಿತ: 1,785 ರೂಪಾಯಿ
ಕೈಗೆ ಬರಬೇಕಾದದ್ದು: 12,215 ರೂಪಾಯಿ

ಆದರೆ ಕೆಲವರ ಕೈಗೆ 10,080 ಮಾತ್ರ ಬರುತ್ತದೆ. ಉಳಿದ 2,135 ಎಲ್ಲಿ ಹೋಯಿತು? ಮಾಲೀಕರೂ ತಮ್ಮ ಪಾಲು ಕಟ್ಟಬೇಕು: ಪಿ.ಎಫ್.ಗೆ ನೂರಕ್ಕೆ 12 ಅಂದರೆ 1,680, ಇ.ಎಸ್.ಐ.ಗೆ ನೂರಕ್ಕೆ 3 ರೂಪಾಯಿ 25 ಪೈಸೆ ಅಂದರೆ 455. ಕೂಡಿಸಿ ನೋಡಿ, ಸರಿಯಾಗಿ 2,135! ಕಂಟ್ರಾಕ್ಟರ್ ತಾನು ಕಟ್ಟಬೇಕಾದ ಪಾಲನ್ನೂ ನಮ್ಮ ಸಂಬಳದಲ್ಲೇ ಹಿಡಿದಿದ್ದಾನೆ. ಇದು ಕಾನೂನಿಗೆ ವಿರುದ್ಧ.

ಹಿಡಿದ ಹಣವನ್ನು ಕಟ್ಟಿದ್ದಾನೋ ಇಲ್ಲವೋ ಅದನ್ನೂ ನೋಡಬೇಕು. ಪಿ.ಎಫ್.ಗೆ ಯು.ಎ.ಎನ್. ಎಂಬ ಒಂದು ನಂಬರ್ ಇರುತ್ತದೆ. ಕೆಲಸ ಬದಲಾದರೂ, ರಾಜ್ಯ ಬದಲಾದರೂ ಅದೇ ನಂಬರ್. ಅದಕ್ಕೆ ನಿಮ್ಮದೇ ಫೋನ್ ನಂಬರ್ ಸೇರಿಸಿರಬೇಕು, ಸೂಪರ್‌ವೈಸರ್‌ದು ಅಲ್ಲ. ಇ.ಎಸ್.ಐ. ನಂಬರ್ ಇದ್ದರೆ ರಾಜಾಜಿನಗರ, ಪೀಣ್ಯದ ಇ.ಎಸ್.ಐ. ಆಸ್ಪತ್ರೆಗಳಲ್ಲಿ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಸಂಬಳ ತಿಂಗಳಿಗೆ 21,000 ರೂಪಾಯಿವರೆಗೆ ಇರುವವರು ಇ.ಎಸ್.ಐ.ಗೆ ಸೇರುತ್ತಾರೆ.

ತೊಂದರೆ ಬಂದಾಗ ಏನು ಮಾಡಬೇಕು?

ಮೊದಲು ಸಾಕ್ಷಿ ಕೂಡಿಡಿ. ಗೇಟ್ ಪಾಸ್, ಪೇ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್, ಹಾಜರಿಯ ಫೋಟೋ ಇವು ಇರಲಿ. ಏನೂ ಇಲ್ಲದಿದ್ದರೆ ಒಂದು ನೋಟ್‌ಬುಕ್‌ನಲ್ಲಿ ದಿನಾ ಹೋದ ಸಮಯ, ಬಂದ ಸಮಯ ಬರೆದಿಡಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ. ದೂರನ್ನು ಬರಹದಲ್ಲಿ ಕೊಟ್ಟು, ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಕೂಲಿ ಬಾಕಿಗೆ 3 ವರ್ಷದೊಳಗೆ ಅರ್ಜಿ ಹಾಕಬಹುದು, ಹಳೇದಾಯ್ತು ಅಂತ ಬಿಡಬೇಡಿ.

ಕಾರ್ಮಿಕ ಇಲಾಖೆಯ ಸಹಾಯವಾಣಿ: 155214
ಉಚಿತ ಕಾನೂನು ನೆರವು: 15100 (ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ವಕೀಲರ ನೆರವು ಸಿಗುತ್ತದೆ)
ಮಹಿಳಾ ಸಹಾಯವಾಣಿ: 181

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮಲ್ಲಿ ಎಷ್ಟು ಜನರ ಹತ್ತಿರ ನೇಮಕಾತಿ ಪತ್ರ ಇದೆ? ಎಷ್ಟು ಜನರಿಗೆ ತಮ್ಮ ಯು.ಎ.ಎನ್. ಗೊತ್ತು?
2. ಕಳೆದ ತಿಂಗಳ ಸಂಬಳದಲ್ಲಿ ಏನೇನು ಹಿಡಿದರು? ಮೇಲಿನಂತೆ ಲೆಕ್ಕ ಹಾಕಿ ನೋಡಿ.
3. ನಮ್ಮ ಬೀದಿಯಲ್ಲಿ ಹೊರರಾಜ್ಯದ ಹೆಣ್ಣುಮಕ್ಕಳು ಎಲ್ಲಿದ್ದಾರೆ? ಅವರ ದಾಖಲೆಗಳು ಅವರ ಕೈಯಲ್ಲೇ ಇವೆಯೇ?

ಈ ತಿಂಗಳ ಕೆಲಸ

ಪ್ರತಿ ಸಂಘದಿಂದ ಇಬ್ಬರು ಸದಸ್ಯೆಯರು ಹತ್ತಿರದ ವಠಾರ ಅಥವಾ ಹಾಸ್ಟೆಲ್‌ಗೆ ಹೋಗಿ, ಹೊರಗಿನಿಂದ ಬಂದ ಒಬ್ಬ ಹುಡುಗಿಯನ್ನಾದರೂ ಮಾತಾಡಿಸಿ ಬನ್ನಿ. ಭಾಷೆ ಬಾರದಿದ್ದರೆ ಚಿಂತೆ ಇಲ್ಲ, ಹಿಂದಿ ಬಲ್ಲ ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಮೇಲಿನ ಮೂರು ನಂಬರ್‌ಗಳನ್ನು ಅವಳ ಫೋನಿನಲ್ಲಿ ಹಾಕಿಕೊಡಿ. ಕಷ್ಟ ಬಂದರೆ ತಟ್ಟಲು ಒಂದು ಬಾಗಿಲಿದೆ ಎಂದು ಅವಳಿಗೆ ನಿಮ್ಮ ಮನೆಯನ್ನೂ ತೋರಿಸಿ ಬನ್ನಿ. ಮುಂದಿನ ಸಭೆಯಲ್ಲಿ ಏನಾಯಿತೆಂದು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.